ದೀಪವಿಲ್ಲದ ಊರಿನ ಸಾಕ್ಷಿಗಳು

ಹಳೆಯ ಕಂದಾಯ ಲೆಕ್ಕಗಳಲ್ಲಿ ಕೆಲವು ಗ್ರಾಮಗಳ ಹೆಸರಿನ ಬಳಿಯಲ್ಲಿ ಬೇಚರಾಕ್ ಎಂಬ ಮಾತು ಬರೆದಿರುವದು. ಅದು ಪಾರಸಿಯಿಂದ ಬಂದದ್ದು. ದೀಪವಿಲ್ಲದ್ದು ಎಂದು ಅದರ ಅರ್ಥ. ಆ ಗ್ರಾಮಕ್ಕೆ ಹೆಸರುಂಟು, ಎಲ್ಲೆಯುಂಟು. ಸಂಜೆಗೆ ದೀಪ ಹಚ್ಚುವ ಮನೆ ಒಂದೂ ಇಲ್ಲ. ಬರಗಾಲ, ವ್ಯಾಧಿ, ಯುದ್ಧಗಳ ದೆಸೆಯಿಂದ ಜನರು ಎದ್ದುಹೋದರು. 1876ರಿಂದ 1878ರ ವರೆಗೆ ಧಾತು ಈಶ್ವರದ ಬರವು ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಬಾಧಿಸಿದಾಗ ಎಷ್ಟೋ ಮನೆಗಳ ಒಲೆ ಆರಿತು. ಮಣ್ಣಿನ ಗೋಡೆಯು ಕೆಲವು ಮಳೆಗಾಲಗಳಲ್ಲಿ ಕರಗಿ ನೆಲಕ್ಕೆ ಸೇರುವದು. ಹಾಗಾದರೆ ಅಲ್ಲಿ ಬಾಳಿದವರಿಗಾಗಿ ಸಾಕ್ಷಿ ಹೇಳುವವರು ಯಾರು? ಗಿಡಮರಗಳೇ. ಅವುಗಳ ಸಾಕ್ಷಿ ಮೂರು ವಿಧವಾಗಿದೆ.

ಮೊದಲನೆಯದು, ಪ್ರಯೋಜನಕ್ಕಾಗಿ ನೆಟ್ಟದ್ದು. ಬಯಲಿನಲ್ಲಿ ಒಂಟಿಯಾದ ಹಳೆಯ ಹುಣಿಸೆ, ಹಾಳುಬಾವಿಯ ಮಗ್ಗುಲಲ್ಲಿ ಮಾವು, ಇವು ಊರಿದ್ದ ಸ್ಥಳವನ್ನು ಸೂಚಿಸುತ್ತವೆ. ಕಳ್ಳಿಯು ತಾನಾಗಿ ಬೆಳೆಯುವದುಂಟು. ಆದರೆ ಹಿತ್ತಲ ಬೇಲಿಯಂತೆ ನೆಟ್ಟಗೆ ಸಾಲುಗೊಂಡು ತಾನಾಗಿ ನಿಲ್ಲದು.

ಎರಡನೆಯದು, ನೆಟ್ಟದ್ದಲ್ಲ, ಚೆಲ್ಲಿದ್ದು. ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಎಲುಬು, ಕಸ, ಇವುಗಳಿಂದ ಮಣ್ಣಿಗೆ ರಂಜಕವೆಂಬ ಸಾರ ಸೇರುವದು. ಅದು ಮಳೆನೀರಿನಲ್ಲಿ ಬೇಗನೆ ತೊಳೆದುಹೋಗದೆ ಶತಮಾನಗಳ ವರೆಗೂ ಉಳಿಯುವದು. ಆದಕಾರಣ ಇಂಗ್ಲೆಂಡಿನಲ್ಲಿ ನಮ್ಮ ತುರಚೆಯಂತೆ ಮೈ ಉರಿಸುವ ನೆಟಲ್ ಎಂಬ ಗಿಡವು ಹಾಳಾದ ಮನೆಗಳ ಸುತ್ತಲೂ ದಟ್ಟವಾಗಿ ಬೆಳೆಯುವದು. ಆಫ್ರಿಕದ ಬೋಟ್ಸ್ವಾನಾ ದೇಶದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಬಾಳಿದ ಸ್ಥಳಗಳ ತಿಪ್ಪೆಯ ಮಣ್ಣಿನಲ್ಲಿ, ನಾವು ಅಂಜನ ಹುಲ್ಲೆನ್ನುವ ಜಾತಿಯೇ ಹಬ್ಬಿದೆ. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಆ ಹುಲ್ಲಿನ ತೇಪೆಗಳನ್ನು ಗುರುತಿಸಿ ಹಳೆಯ ನೆಲೆಗಳನ್ನು ಕಂಡುಹಿಡಿಯುವ ಬಗೆಯನ್ನು ಜೇಮ್ಸ್ ಡೆನ್ಬೋ ಎಂಬ ಪಂಡಿತರು 1979ರಲ್ಲಿ ಪ್ರಕಟಿಸಿದರು.

ಮೂರನೆಯದು, ಸಂತೋಷಕ್ಕಾಗಿಯೇ ನೆಟ್ಟದ್ದು. ಅಮೇರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳು 1934ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಅದರ ನಿಮಿತ್ತ ಸಾವಿರಕ್ಕಿಂತ ಹೆಚ್ಚು ಭೂಮಾಲಿಕರು ಹೊಲಮನೆಗಳನ್ನು ಬಿಡಬೇಕಾಯಿತು. ಈಗ ಆ ಕಾಡಿನೊಳಗೆ ವಸಂತದಲ್ಲಿ ಡ್ಯಾಫೊಡಿಲ್ ಎಂಬ ಹಳದಿ ಹೂವು ಅಂಗಳವಿದ್ದ ಕಡೆಯಲ್ಲಿ ಅರಳುವದು. ಅದರ ಗೆಡ್ಡೆ ವಿಷವಾದದ್ದರಿಂದ ಮೃಗಗಳು ತಿನ್ನವು. ನೆಟ್ಟ ಸ್ಥಳವನ್ನು ಬಿಟ್ಟು ಅದು ಬಹುದೂರ ಹರಡುವದೂ ಇಲ್ಲ. ಮನೆ ಹೋಯಿತು, ಬಾಗಿಲ ಮುಂದಿನ ಹೂವು ಉಳಿಯಿತು.

ಆದರೂ ಒಂದೇ ಗಿಡವನ್ನು ನೋಡಿ ತೀರ್ಪು ಹೇಳಬಾರದು. ಬೇವಿನ ಬೀಜವನ್ನು ಹಕ್ಕಿ ತರುವದು. ಮರದ ಜತೆಗೆ ಬಾವಿ, ಬೋಕಿ, ಒರಳುಕಲ್ಲು, ಹಿರಿಯರ ನೆನಪು, ಇಂಥ ಎರಡು ಮೂರು ಸಾಕ್ಷಿಗಳು ಕೂಡಿದರೆ ಮಾತು ನಿಲ್ಲುವದು.

ಸಹೋದರರೇ, ಹಾಳೂರು ಕಂಡೊಡನೆ ನಿಧಿಯ ಆಶೆಯಿಂದ ರಾತ್ರಿಯಲ್ಲಿ ಅಗೆಯುವವರುಂಟು. ಅವರು ಮರದ ಬೇರು ಕಡಿದು, ಮಣ್ಣಿನ ಪದರಗಳನ್ನು ಕಲಸಿ, ಇರುವ ಸಾಕ್ಷಿಯನ್ನೂ ಕೆಡಿಸುತ್ತಾರೆ. ಅಲ್ಲಿದ್ದವರು ಬಹುಮಂದಿ ನಮ್ಮಂಥ ಬಡವರು. ಹೂಳಿಡುವದಕ್ಕೆ ಅವರಿಗೆ ಹೊನ್ನೆಲ್ಲಿಂದ ಬರಬೇಕು? ಅವರು ಬಿಟ್ಟ ನಿಧಿ ಬೂದಿಯೂ ನೆರಳೂ ಅಷ್ಟೇ. ಅರಸರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ದಿನಾಲು ಸಗಣಿ ಬಾಚಿದ ಹೆಂಗಸಿನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ; ಆದರೆ ಅವಳ ದುಡಿತವನ್ನು ನೆಲವು ಹುಲ್ಲಿನಲ್ಲಿ ಬರೆದಿಟ್ಟಿರುವದು. ಯಾರೂ ಎಣಿಸದ ಆ ದುಡಿತವನ್ನು ಮಣ್ಣೇ ಮರೆಯದಿದ್ದರೆ, ಮಣ್ಣನ್ನು ಉಂಟುಮಾಡಿದಾತನು ಮರೆತಾನೋ?

ಆದದರಿಂದ ಅಂಥ ಸ್ಥಳಕ್ಕೆ ಹೋದಾಗ ಗುದ್ದಲಿಯನ್ನು ಬಿಟ್ಟುಹೋಗಿರಿ, ಮಕ್ಕಳನ್ನು ಕರಕೊಂಡುಹೋಗಿರಿ. ಮರವನ್ನು ತೋರಿಸಿ, ಊರಿನ ಹೆಸರನ್ನು ಹಿರಿಯರಿಂದ ಕೇಳಿ ಹೇಳಿರಿ. ನಿಮ್ಮ ಸ್ವಂತ ಹಿತ್ತಲಿನಲ್ಲಿಯೂ ಒಂದು ಸಸಿಯನ್ನು ನೆಡಿರಿ. ಅದರ ನೆರಳಿನಲ್ಲಿ ಕೂಡುವವನು ನಿಮ್ಮ ಹೆಸರನ್ನು ಅರಿಯದೆ ಇರಬಹುದು. ಇಲ್ಲಿ ಯಾರೋ ಒಳ್ಳೆಯವರು ಬಾಳಿದರೆಂದಾದರೂ ಅರಿಯುವನು.