ಕಾಲಕ್ಕೆ ಹೆಸರಿಡುವವರಾರು?

ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಒಬ್ಬ ಗೃಹಸ್ಥನು ಹೊಸದಾಗಿ ಗಣಕಯಂತ್ರವೊಂದನ್ನು ತಂದು, ಅದರಲ್ಲಿ ತನ್ನ ಊರಿನ ಹೊತ್ತನ್ನು ನೆಲೆಗೊಳಿಸಲು ಹೊರಟನೆನ್ನೋಣ. ಯಂತ್ರವು ಅನೇಕ ವೇಳೆ ಅವನ ಮುಂದಿಡುವ ಹೆಸರು ‘ಏಷ್ಯಾ/ಕೊಲ್ಕತ್ತಾ’ ಎಂಬುದು. ಕಂಡರಿಯದ ಆ ವಂಗನಗರಕ್ಕೂ ತನ್ನ ಮನೆಯ ಗಡಿಯಾರಕ್ಕೂ ಏನು ಸಂಬಂಧವೆಂದು ಆತನು ಒಂದು ಗಳಿಗೆ ಬೆರಗಾಗಿ, ಅನಂತರ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತಾನೆ. ಆ ಬೆರಗಿನಲ್ಲಿ ಭಾರತದ ಶಾಸ್ತ್ರಕಾರರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದು ಅಡಗಿದೆ.

ವೈಶೇಷಿಕರ ಮತದಲ್ಲಿ ಕಾಲವೆಂಬ ದ್ರವ್ಯವು ಒಂದೇ; ಅದು ವಿಭು, ನಿತ್ಯ. ಕ್ಷಣ, ದಿನ, ಮಾಸಗಳೆಂಬ ಭೇದವೆಲ್ಲ ಸೂರ್ಯನ ಚಲನೆಯೇ ಮೊದಲಾದ ಉಪಾಧಿಗಳಿಂದ ಬಂದುದು. ಯಂತ್ರವೂ ತನಗರಿಯದೆ ಈ ಮತವನ್ನೇ ಹಿಡಿದಿದೆ. ಯೂನಿಕ್ಸ್ ಪದ್ಧತಿಯ ಗಣಕಗಳು ೧೯೭೦ನೆಯ ಜನವರಿ ೧ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತ ಬರುತ್ತವೆ. ಆ ಎಣಿಕೆಗೆ ದೇಶವಿಲ್ಲ, ಹಗಲಿರುಳಿಲ್ಲ. ಮನುಷ್ಯನು ಹೊತ್ತೆಷ್ಟೆಂದು ಕೇಳಿದಾಗ ಮಾತ್ರ ಅದು ಒಂದು ಊರಿನ ಉಪಾಧಿಯನ್ನು ತೊಟ್ಟು ಉತ್ತರ ಕೊಡುತ್ತದೆ.

ಈ ಉಪಾಧಿಗಳ ಪಟ್ಟಿಯನ್ನು ಮಾಡಿದವರು ಅರಸರೂ ಅಲ್ಲ, ಮಂತ್ರಿಗಳೂ ಅಲ್ಲ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಈ ಕೆಲಸಕ್ಕೆ ತೊಡಗಿದರು. ಪಾಲ್ ಎಗರ್ಟ್ ಎಂಬವರು ಅದನ್ನು ಬೆಳೆಯಿಸಿದರು. ೨೦೧೧ರಲ್ಲಿ ಜ್ಯೋತಿಷದ ಸಂಸ್ಥೆಯೊಂದು ಇವರಿಬ್ಬರ ಮೇಲೆ ದಾವೆ ಹೂಡಿ, ಮರುವರ್ಷ ತಾನೇ ಹಿಂದೆಗೆದುಕೊಂಡಿತು. (ಗ್ರಹಗತಿಯನ್ನು ಬಲ್ಲವರಿಗೆ ದಾವೆಯ ಗತಿಯು ತಿಳಿಯದೆ ಹೋದುದು ವಿನೋದವೇ ಸರಿ.) ಅಷ್ಟರಲ್ಲಿ ಪಟ್ಟಿಯು ಅಂತರಜಾಲದ ಹೆಸರು ಸಂಖ್ಯೆಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಆಶ್ರಯಕ್ಕೆ ಬಂದಿತ್ತು.

ಹೆಸರಿಡುವ ಕ್ರಮದಲ್ಲಿ ಅವರು ವಿವೇಕವನ್ನೇ ತೋರಿದ್ದಾರೆ. ರಾಜ್ಯಗಳು ಒಡೆಯುತ್ತವೆ, ಕೂಡುತ್ತವೆ. ಊರುಗಳು ಅವಕ್ಕಿಂತ ಹೆಚ್ಚು ಕಾಲ ಬಾಳುತ್ತವೆ. ಆದುದರಿಂದ ದೇಶದ ಹೆಸರನ್ನು ಬಿಟ್ಟು, ಭೂಖಂಡದ ಹೆಸರಿನ ಮುಂದೆ ಸಾಮಾನ್ಯವಾಗಿ ಜನಬಾಹುಳ್ಯವುಳ್ಳ ನಗರದ ಹೆಸರನ್ನಿಟ್ಟರು. ಚೀನಾ ದೇಶದ ಹೊತ್ತಿಗೆ ರಾಜಧಾನಿಯಾದ ಬೀಜಿಂಗಿನ ಹೆಸರಿಲ್ಲ; ಶಾಂಘೈ ಹೆಸರಿದೆ. ಮೂರಕ್ಷರದ ಸಂಕ್ಷೇಪವು ಸಾಲದೆಂಬುದಕ್ಕೆ ‘ಐ.ಎಸ್.ಟಿ.’ ಒಂದೇ ಸಾಕು: ಭಾರತ, ಐರ್ಲೆಂಡ್, ಇಸ್ರೇಲ್ ಮೂರೂ ಅದನ್ನು ತಮ್ಮದೆನ್ನುತ್ತವೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ನಿತ್ಯವೆಂದು ಮೀಮಾಂಸಕರು; ಅದು ಸಂಕೇತಮಾತ್ರವೆಂದು ನೈಯಾಯಿಕರು. ಪಟ್ಟಿಯವರು ಪಕ್ಕಾ ನೈಯಾಯಿಕರು. ಹೆಸರು ಗುರುತಿಗಾಗಿ ಮಾತ್ರ. ಅದರಲ್ಲಿ ಮಾನಾಪಮಾನವೇನು ಎಂಬುದು ಅವರ ನಿಲುವು. ಆದರೆ ಹೆಸರಿಗೆ ಒಡೆಯರಾದ ಜನರು ಹಾಗೆಣಿಸುವುದಿಲ್ಲ. ೨೦೦೧ರಲ್ಲಿ ಕಲ್ಕತ್ತೆಯು ಕೊಲ್ಕತ್ತಾ ಆಯಿತು. ಕೆಲವು ವರ್ಷಗಳ ಮೇಲೆ ಪಟ್ಟಿಯೂ ತಿದ್ದಿಕೊಂಡಿತು. ಉಕ್ರೇನಿನ ರಾಜಧಾನಿಯ ಹೆಸರನ್ನು ರಷ್ಯನ್ನರ ಉಚ್ಚಾರದಂತೆ ಬರೆದುದನ್ನು ಬಿಟ್ಟು ‘ಕೀವ್’ ಎಂದು ಬರೆಯುವುದಕ್ಕೆ ೨೦೨೨ರವರೆಗೆ ಕಾಯಬೇಕಾಯಿತು. ಹಳೆಯ ಹೆಸರುಗಳನ್ನು ಅಳಿಸಲಿಲ್ಲ. ಹಳೆಯ ಯಂತ್ರವು ಹಳೆಯ ಹೆಸರಿನಿಂದ ಕರೆದರೂ ಉತ್ತರ ದೊರೆಯುತ್ತದೆ. ಇದು ನಯವಾದ ಧರ್ಮ.

ಹೆಸರು ಸಂಕೇತವೇ ಆದರೂ, ಇಟ್ಟಮೇಲೆ ಅದೊಂದು ಮಾತು ಕೊಟ್ಟಂತೆ ಆಗುವುದಿಲ್ಲವೆ? ತೊಡಕು ಇಲ್ಲಿಯೇ ಇದೆ. ಭಾರತದ ಏಕರೂಪದ ಹೊತ್ತು, ಎಂಬತ್ತೆರಡೂವರೆ ಅಂಶದ ರೇಖೆಯನ್ನು ಹಿಡಿದು, ೧೯೦೬ನೆಯ ಜನವರಿ ೧ರಂದು ಜಾರಿಗೆ ಬಂದಿತು. ಅದನ್ನು ಒಪ್ಪದೆ, ಸುಮಾರು ಇಪ್ಪತ್ತುನಾಲ್ಕು ನಿಮಿಷ ಮುಂದಾದ ತನ್ನ ಹೊತ್ತನ್ನೇ ೧೯೪೮ರವರೆಗೆ ನಡೆಯಿಸಿದ ನಗರವು ಕಲ್ಕತ್ತೆ. ಪಟ್ಟಿಯಲ್ಲಿಯಾದರೋ ಆ ಹೆಸರಿನಡಿ ೧೯೦೬ರಿಂದಲೂ ಐದೂವರೆ ಗಂಟೆಯ ಹೊತ್ತೇ ಕಾಣುತ್ತದೆ. ಅದಕ್ಕೆ ಹಿಂದಿನ ಮೂವತ್ತಾರು ವರ್ಷಗಳಿಗೆ ಇರುವುದು ರೈಲ್ವೆಯವರು ಬಳಸುತ್ತಿದ್ದ ಮದರಾಸಿನ ಹೊತ್ತು. ಎಲ್ಲ ಭಾರತಕ್ಕೂ ಹೆಸರು ಕೊಟ್ಟ ಊರಿಗೆ ಅದೇ ಹೆಸರಿನಡಿ ತನ್ನ ಚರಿತ್ರೆಯಿಲ್ಲ.

ಇದಕ್ಕಿಂತ ಗಹನವಾದುದು ನಾರ್ವೆ ದೇಶದ ಓಸ್ಲೋ ನಗರದ ಸಂಗತಿ. ಎಣಿಕೆಯು ಆರಂಭವಾಗುವ ೧೯೭೦ರಿಂದ ಈಚೆಗೆ ಯಾವ ಊರುಗಳ ಗಡಿಯಾರಗಳು ಒಮ್ಮತವಾಗಿವೆಯೋ ಅವು ಒಂದೇ ವಲಯವೆಂಬುದು ಪಟ್ಟಿಯ ನಿಯಮ. ೨೦೨೨ರಲ್ಲಿ ಓಸ್ಲೋ, ಸ್ಟಾಕ್‌ಹೋಮ್, ಕೋಪನ್‌ಹೇಗನ್ ನಗರಗಳ ಹೆಸರನ್ನು ಉಳಿಸಿ, ಒಳಗಿನ ವಿವರವನ್ನು ಬರ್ಲಿನ್ನಿಗೆ ಜೋಡಿಸಲಾಯಿತು. ನಾರ್ವೆಯಲ್ಲಿ ೧೯೫೯ರಿಂದ ೧೯೬೫ರವರೆಗೆ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಿದ್ದರು; ಆ ವರ್ಷಗಳಲ್ಲಿ ಜರ್ಮನಿಯಲ್ಲಿ ಆ ಪದ್ಧತಿಯಿರಲಿಲ್ಲ. ೧೯೬೦ರ ಜುಲೈ ತಿಂಗಳಲ್ಲಿ ಓಸ್ಲೋದಲ್ಲಿ ಹುಟ್ಟಿದವರು ತಮ್ಮ ಜನನಕಾಲವನ್ನು ಯಂತ್ರಕ್ಕೆ ಕೊಟ್ಟರೆ, ಮುಖ್ಯಪಟ್ಟಿಯು ಒಂದು ಗಂಟೆ ತಪ್ಪಿ ಎಣಿಸುತ್ತದೆ.

ಪಟ್ಟಿಯವರ ಸಮಾಧಾನವು ಕ್ಷುಲ್ಲಕವಾದುದಲ್ಲ. ಆಫ್ರಿಕದ ಲುವಾಂಡ, ನಿಯಾಮೆ ಮೊದಲಾದ ನಗರಗಳನ್ನು ಮೊದಲೇ ಲಾಗೋಸಿಗೆ ಜೋಡಿಸಿಯಾಗಿತ್ತು; ಆಗಿಲ್ಲದ ಕೂಗು ಯುರೋಪಿನ ನಗರಗಳಿಗೆ ಮಾತ್ರ ಏಕೆ? ನಿಯಮವೆಂದರೆ ಎಲ್ಲರಿಗೂ ಒಂದೇ ಆಗಬೇಕು. ಈ ಮಾತಿನ ನ್ಯಾಯವನ್ನು ಅಲ್ಲಗಳೆಯಲಾಗದು. ಆದರೆ ಸಮದೃಷ್ಟಿಯ ಹೆಸರಿನಲ್ಲಿ ಎಲ್ಲರಿಂದಲೂ ಸಮನಾಗಿ ಕಿತ್ತುಕೊಂಡರೆ ಅದು ಸಮತೆಯಾದೀತೇ ಹೊರತು ಸತ್ಯವಾಗದು. ಲುವಾಂಡದವರಿಗೂ ಅವರ ಹಿಂದಿನ ಹೊತ್ತನ್ನು ಮರಳಿ ಕೊಡುವುದು ಇನ್ನೊಂದು ದಾರಿಯಾಗಿತ್ತಲ್ಲವೆ?

ದೋಷವು ಜೋಡಿಸಿದುದರಲ್ಲಿಯೂ ಅಷ್ಟಾಗಿ ಇಲ್ಲ. ೧೯೭೦ಕ್ಕೆ ಹಿಂದಿನದು ತನ್ನ ಹೊಣೆಯಲ್ಲವೆಂದು ಪಟ್ಟಿಯು ಹೇಳಬಹುದು, ಹೇಳಿಯೂ ಇದೆ. ಆದರೆ ಹೊಣೆಯಲ್ಲದ ಕಾಲವನ್ನು ಕುರಿತು ಕೇಳಿದಾಗ ಯಂತ್ರವು ಸುಮ್ಮನಿರುವುದಿಲ್ಲ. ಓಸ್ಲೋ ಎಂದು ಕೂಗಿದವನಿಗೆ ಬರ್ಲಿನ್ನಿನ ಉತ್ತರವನ್ನು ಓಸ್ಲೋದ ದನಿಯಲ್ಲಿಯೇ ಕೊಡುತ್ತದೆ. ಸಾಕ್ಷಿಯು ‘ಅರಿಯೆ’ ಎಂದರೆ ಅದು ತಪ್ಪಲ್ಲ; ನೆರೆಮನೆಯ ಸಂಗತಿಯನ್ನು ಈ ಮನೆಯದೆಂದು ಹೇಳಿದರೆ ಬೇರೆ ಮಾತು.

ಹಳೆಯ ವಿವರಗಳು ನಾಶವಾಗಿಲ್ಲವೆಂಬುದನ್ನು ಹೇಳಲೇಬೇಕು. ಅವನ್ನು ಬೇರೊಂದು ಕಡತದಲ್ಲಿ ಕಾಪಾಡಿದ್ದಾರೆ. ಯಂತ್ರವನ್ನು ಸಿದ್ಧಪಡಿಸುವವರು ಇಚ್ಛಿಸಿದರೆ ಸೇರಿಸಿಕೊಳ್ಳಬಹುದು, ಕೆಲವರು ಸೇರಿಸಿಕೊಂಡೂ ಇದ್ದಾರೆ. ತನ್ನ ಯಂತ್ರದಲ್ಲಿರುವುದು ಯಾವ ಪಟ್ಟಿಯೆಂಬುದು ಮಾತ್ರ ಗಡಿಯಾರವನ್ನು ನೋಡುವ ಗೃಹಸ್ಥನಿಗೆ ಕಾಣುವುದಿಲ್ಲ.