ದೀಪವಿಲ್ಲದ ಇರುಳೂ ದ್ರಾಕ್ಷಾಸವವೂ

ಆಷಾಢದ ಗಾಳಿಗೆ ಮರವುರುಳಿ ತಂತಿ ಹರಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂಟಿಮನೆಗಳು ಹಲವು ದಿನ ಕತ್ತಲೆಯಲ್ಲಿರುವುದುಂಟು. 1964ರಲ್ಲಿ ಲಿಂಗನಮಕ್ಕಿಯ ನೀರಿಗೆ ಗದ್ದೆತೋಟಗಳನ್ನೊಪ್ಪಿಸಿ ನಾಡಿಗೆ ಬೆಳಕಿತ್ತ ಸೀಮೆಗೂ ಈ ಗತಿಯೆಂಬುದು ಬೇರೆ ಮಾತು. ಇಂತಹ ಇರುಳಿನಲ್ಲಿ ಗೃಹಸ್ಥನೊಬ್ಬನು ಎಣ್ಣೆಯ ದೀಪದ ಮುಂದೆ ಒಂದು ಲೋಟ ವೈನನ್ನು ಸವಿದರೆ ದೋಷವೇ?

ಬೆಲ್ಲದ್ದು, ಹಿಟ್ಟಿನದು, ಮಧುವಿನದು ಎಂದು ಸುರೆಯನ್ನು ಮೂರಾಗಿ ವಿಂಗಡಿಸಿದ ಮನುವು ದ್ವಿಜೋತ್ತಮರಿಗೆ ಮೂರನ್ನೂ ನಿಷೇಧಿಸಿದನು. ಆದರೆ ಅದೇ ಮನೆಯ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆಯಿರುತ್ತದೆ. ದ್ರಾಕ್ಷಿ, ಬೆಲ್ಲ, ಧಾತಕೀಪುಷ್ಪಗಳು ಹುಳಿತು ಹುಟ್ಟಿದ ಮದ್ಯಾಂಶವು ಅದರಲ್ಲಿಯೂ ಉಂಟು. ಅಲ್ಲಿ ಉದ್ದೇಶವು ಆರೋಗ್ಯ, ಅಳತೆಯು ಔಷಧದ್ದು ಎಂಬ ಸಮಾಧಾನವು ಒಪ್ಪತಕ್ಕದ್ದೇ. ವೈನಿಗೆ ಅದು ಸಲ್ಲದು. ಅದನ್ನು ಕುಡಿಯುವುದು ಸುಖಕ್ಕಾಗಿಯೇ. ಸುಖವೆಂಬ ಮಾತ್ರದಿಂದ ದೋಷವಾಗದು. ಧರ್ಮಕ್ಕೆ ವಿರೋಧವಾಗದ ಕಾಮವನ್ನು ಗೀತೆಯೂ ಅಲ್ಲಗಳೆದಿಲ್ಲ.

ತೊಡಕಿರುವುದು ಬೇರೆಡೆಯಲ್ಲಿ. ಅದೇ ಇರುಳು ಅಡಕೆತೋಟದ ಆಳು ಪೇಟೆಯಲ್ಲಿ ಕುಡಿದು ಬಂದರೆ ಅವನು ಕುಡುಕ, ಯಜಮಾನನು ರಸಿಕ! ಸರಕಾರವೂ 2007ರಲ್ಲಿ ಬಡವನ ಸಾರಾಯಿಯನ್ನು ನಿಷೇಧಿಸಿ, ಅದೇ ವರ್ಷ ವೈನಿಗೆ ಪ್ರೋತ್ಸಾಹಕವಾದ ನೀತಿಯನ್ನು ಹೊರಡಿಸಿತು. ಸಾರಾಯಿಯಿಂದ ಸಂಸಾರಗಳು ಕೆಟ್ಟದ್ದು ದಿಟ, ನಿಷೇಧವು ನಿಷ್ಕಾರಣವಲ್ಲ. ಆದರೂ ರಾತ್ರಿ ಲೋಟವೆತ್ತಿದವನಿಗೆ ಬೆಳಗ್ಗೆ ಆಳನ್ನು ಗದರಿಸುವ ಅಧಿಕಾರವು ಎಲ್ಲಿಂದ ಬಂದಿತು?

ಒಂದಿರುಳಿನ ಲೋಟವನ್ನು ಮನೆಯವರು ಮನ್ನಿಸಿಯಾರು. ಕತ್ತಲೆಯು ನಾಲ್ಕನೆಯ ದಿನಕ್ಕೂ ಮುಂದುವರಿದು ಲೋಟವೂ ಮುಂದುವರಿದರೆ, ತಂತಿ ಕೂಡಿ ದೀಪ ಹೊತ್ತಿದ ಸಂಜೆ ಅವನ ಕೈ ಸೀಸೆಯ ಕಡೆಗೆ ಹೋಗುವುದೋ ಇಲ್ಲವೋ ಎಂದು ಗೃಹಿಣಿಯು ಸುಮ್ಮನೆ ನೋಡುತ್ತಿರುತ್ತಾಳೆ.