ಮೋಟಾರು ಬಂಡಿಯ ಕೀರ್ತಿಯೂ ಅದರ ಪ್ರಾಮಾಣ್ಯವೂ

ಬೇಲೂರು ಸೀಮೆಯ ಅರೇಹಳ್ಳಿಯಂತಹ ಕಾಫಿಯ ನಾಡಿನಲ್ಲಿ ಬೆಳೆಗಾರನ ಕೈಯಲ್ಲಿ ಹಣವು ಆಡುವ ವರ್ಷಗಳೂ ಉಂಟು, ಆಡದ ವರ್ಷಗಳೂ ಉಂಟು. ೨೦೨೪ರಿಂದೀಚೆಗೆ ಕಾಫಿಯ ಬೆಲೆ ಹಿಂದೆ ಕಾಣದ ಎತ್ತರಕ್ಕೆ ಏರಿತು. ಸಾಲ ತೀರಿದ ಮನೆಯವರಿಗೆ ದೊಡ್ಡ ಹೆಸರಿನ ಮೋಟಾರು ಬಂಡಿಯೊಂದು ಅಂಗಳದಲ್ಲಿ ನಿಂತಿರಲೆಂಬ ಆಸೆ ಹುಟ್ಟಿದರೆ ಅದು ಅಪರಾಧವಲ್ಲ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂದು ಗಾದೆಯನ್ನಾಡಿ ನಕ್ಕುಬಿಡುವುದು ಸುಲಭ. ಆದರೆ ಒಂದು ಹೆಸರನ್ನು ನಂಬಿ ವರ್ಷದ ಫಸಲನ್ನೆಲ್ಲ ಸುರಿಯುವ ಗೃಹಸ್ಥನಿಗೆ ಇದು ನಗುವ ವಿಷಯವಲ್ಲ. ಹೆಸರು ಹೇಳುವುದನ್ನು ವಸ್ತುವು ನಡೆಸಿಕೊಡುವುದೆಂಬ ಭರವಸೆ ಅವನಿಗೆ ಎಲ್ಲಿಂದ ಬರಬೇಕು?

ನೈಯಾಯಿಕರು ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಸೇರಿಸಿದರು. ಆದರೆ ಎಲ್ಲರ ಮಾತೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ ಪ್ರಮಾಣ. ವಸ್ತುವನ್ನು ಇದ್ದಂತೆ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತನು. ಅವನು ಋಷಿಯೇ ಆಗಬೇಕೆಂಬ ನಿಯಮವಿಲ್ಲ. ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಉದಾರವಾಗಿ ಒಪ್ಪಿದ್ದಾನೆ. ಕೀರ್ತಿಯೆಂಬುದು ಈ ಶಬ್ದಪ್ರಮಾಣದ ಒಂದು ಬಗೆಯೇ ಸರಿ. ಕೊಳ್ಳುವವನು ಯಂತ್ರವನ್ನು ಬಿಚ್ಚಿ ನೋಡಲಾರನು. ಹತ್ತು ಮಳೆಗಾಲ ಓಡಿಸಿ ನೋಡಿ, ಆಮೇಲೆ ಹಣ ಕೊಡುವೆನೆನ್ನಲೂ ಆರನು. ಆದುದರಿಂದ ಅವನು ಪರರ ಮಾತನ್ನು ನಂಬಲೇಬೇಕು. ವಿಚಾರಿಸತಕ್ಕದ್ದು ಇಷ್ಟೆ: ಆ ಮಾತನ್ನು ಆಡಿದವರು ಯಾರು, ಏನನ್ನು ಕಂಡು ಆಡಿದರು?

ರೋಲ್ಸ್ ರಾಯ್ಸ್ ಎಂಬ ಹೆಸರನ್ನೇ ನೋಡಬಹುದು. ಯೋಗಾರ್ಥದಲ್ಲಿ ಅದು ಇಬ್ಬರು ಮನುಷ್ಯರ ಹೆಸರು. ಬಂಡಿಯನ್ನು ನಿರ್ಮಿಸಿದವನು ರಾಯ್ಸ್, ಮಾರಿದವನು ರೋಲ್ಸ್. ರೂಢಿಯಲ್ಲಿ ಅದು ಯಾವುದೇ ವಸ್ತುವಿನ ಶ್ರೇಷ್ಠತೆಗೆ ಪರ್ಯಾಯಪದವಾಗಿದೆ. ಈ ರೂಢಿ ಬರಿದೆ ಹುಟ್ಟಲಿಲ್ಲ. ೧೯೦೭ರಲ್ಲಿ ಸಿಲ್ವರ್ ಘೋಸ್ಟ್ ಎಂಬ ಅವರ ಬಂಡಿಯನ್ನು ಇಂಗ್ಲೆಂಡಿನ ಮೋಟಾರು ಸಂಘದ ಪರೀಕ್ಷಕರು ಜೊತೆಯಲ್ಲಿ ಕುಳಿತು ಸುಮಾರು ೧೫,೦೦೦ ಮೈಲಿ ಓಡಿಸಿ ನೋಡಿದರು. ಓಟ ಮುಗಿದ ಮೇಲೆ ಬಿಚ್ಚಿ ಪರಿಶೀಲಿಸಲಾಗಿ, ಸವೆದ ಭಾಗಗಳ ಬೆಲೆ ಎರಡು ಪೌಂಡಿಗಿಂತ ತುಸುವೇ ಹೆಚ್ಚಾಯಿತು. ಇದು ಕಂಡವರು ಕೊಟ್ಟ ಕೀರ್ತಿ. ಆದರೆ ರೋಲ್ಸ್ ೧೯೧೦ರಲ್ಲಿಯೂ ರಾಯ್ಸ್ ೧೯೩೩ರಲ್ಲಿಯೂ ತೀರಿಕೊಂಡರು. ೧೯೯೮ರಲ್ಲಿ ಕ್ರೂ ಊರಿನ ಅವರ ಕಾರ್ಖಾನೆಯನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಕೊಂಡುಕೊಂಡಿತು. ಹೆಸರಿನ ಒಡೆತನವು ವಿಮಾನಯಂತ್ರ ಮಾಡುವ ಬೇರೊಂದು ಸಂಸ್ಥೆಯಲ್ಲಿದ್ದುದರಿಂದ ಅದು ಬಿ.ಎಂ.ಡಬ್ಲ್ಯೂ. ಕಂಪನಿಯ ಪಾಲಾಯಿತು. ೨೦೦೩ರಿಂದ ಆ ಹೆಸರಿನ ಬಂಡಿಗಳು ಗುಡ್‌ವುಡ್ ಎಂಬ ಮತ್ತೊಂದು ಸ್ಥಳದಲ್ಲಿ ತಯಾರಾಗುತ್ತಿವೆ. ಕಾರ್ಖಾನೆ ಒಬ್ಬರಿಗೆ, ನಾಮಧೇಯ ಇನ್ನೊಬ್ಬರಿಗೆ! ನೊಗವು ರಥವೋ ಅಚ್ಚು ರಥವೋ ಎಂದು ಮಿಲಿಂದ ರಾಜನನ್ನು ಕೇಳಿದ ನಾಗಸೇನ ಭಿಕ್ಷುವಿಗೂ ಈ ವಿಭಾಗಪತ್ರ ತೋಚಿರಲಾರದು. ಹೊಸ ಬಂಡಿಗಳು ಉತ್ತಮವೇ ಆಗಿರಬಹುದು. ಆದರೆ ೧೯೦೭ರ ಸಾಕ್ಷಿ ಅವುಗಳ ವಿಷಯದಲ್ಲಿ ನುಡಿದುದಲ್ಲ.

ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಅಂಕಿತವನ್ನು ಶಿಲ್ಪದ ಬುಡದಲ್ಲಿಯೇ ಕೆತ್ತಿದರು. ಆ ಹೆಸರನ್ನು ಕೊಳ್ಳುವವನು ಕಲ್ಲನ್ನೂ ಹೊತ್ತೊಯ್ಯಬೇಕು. (ಲೋಕವೆಲ್ಲ ಕೊಂಡಾಡುವುದು ಜಕಣಾಚಾರಿಯನ್ನು, ದಾಸೋಜನ ಹೆಸರನ್ನು ಬಲ್ಲವರು ವಿರಳ. ಕೀರ್ತಿಯ ನಡೆ ಹೀಗೂ ಉಂಟು.)

ಅರೇಹಳ್ಳಿಯ ಕಡೆಯ ತೋಟಗಳಲ್ಲಿ ಯಾವ ಜಾಹೀರಾತೂ ಇಲ್ಲದೆ ಹೆಸರು ಗಳಿಸಿದ ಬಂಡಿಯೆಂದರೆ ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ವಿಲ್ಲಿಸ್ ಕಂಪನಿಯು ತಯಾರಿಸಿದ ಈ ಒರಟು ಬಂಡಿಯನ್ನು ೧೯೪೭ರಿಂದ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಕೂರಲು ಸುಖವಿಲ್ಲ, ಮಳೆಯ ಎರಚಲು ಒಳಗೇ ಬರುವುದು. ಆದರೆ ಆಷಾಢದ ಕೆಸರಿನಲ್ಲಿ ಆಳುಗಳನ್ನೂ ಗೊಬ್ಬರದ ಮೂಟೆಗಳನ್ನೂ ಹೇರಿಕೊಂಡು ತೋಟದ ಏರನ್ನು ಹತ್ತುವುದು. ಕೆಟ್ಟರೆ ಊರಿನವನೇ ರಿಪೇರಿ ಮಾಡುವನು. ಇಲ್ಲಿಯೂ ಹೆಸರಿನ ಚೇಷ್ಟೆ ತಪ್ಪಲಿಲ್ಲ. ವಿಲ್ಲಿಸ್ ಕಂಪನಿ ೧೯೫೩ರಲ್ಲಿ ಪರರ ವಶವಾಯಿತು. ‘ಜೀಪ್’ ಎಂಬ ಅಂಕಿತವು ಹಲವು ಕೈ ದಾಟಿ ಈಗ ಬೆಲೆಬಾಳುವ ನಗರದ ಬಂಡಿಗಳ ಮೇಲೆಯೂ ಕುಳಿತಿದೆ. ತೋಟದ ಮೇಸ್ತ್ರಿ ‘ಜೀಪು ತನ್ನಿ’ ಎಂದರೆ ತರಬೇಕಾದುದು ಅದಲ್ಲ.

ಜೀಪಿನ ದೋಷಗಳನ್ನು ಎಲ್ಲರೂ ನಿಸ್ಸಂಕೋಚವಾಗಿ ಹೇಳುವರು. ದೊಡ್ಡ ಹೆಸರಿನ ಬಂಡಿಯ ವಿಷಯದಲ್ಲಿ ಹಾಗಲ್ಲ. ಅಷ್ಟು ಹಣ ತೆತ್ತವನಿಗೆ ಬಂಡಿಯ ಮಾನವೇ ತನ್ನ ಮಾನವಾಗಿಬಿಡುವುದು. ಅದು ತಿಂಗಳಿಗೊಮ್ಮೆ ಕಾರ್ಖಾನೆ ಸೇರಿದರೂ, ನೆಂಟರೆದುರು ‘ಬಂಡಿ ಬಹಳ ಚೆನ್ನಾಗಿದೆ’ ಎಂದೇ ಹೇಳುವನು. ಅವನು ಸುಳ್ಳುಗಾರನಲ್ಲ, ಪಾಪ; ತಾನು ಮೋಸಹೋದೆನೆಂದು ಒಪ್ಪಲಾರದವನು. ಆದರೆ ಆ ಮಾತನ್ನು ನಂಬಿ ಇನ್ನೊಬ್ಬನು ಸಾಲ ಮಾಡುವನು. ಹೆಚ್ಚು ಬೆಲೆಯೇ ಸಾಕ್ಷಿಯ ಬಾಯಿ ಕಟ್ಟುವಾಗ ಅಂತಹ ನೂರು ಸಾಕ್ಷಿಗಳಿಂದಲೂ ಪ್ರಮಾಣವಾಗದು.

ಫೋಕ್ಸ್‌ವ್ಯಾಗನ್ನಿನ ಕಥೆ ಇದಕ್ಕೆ ನಿದರ್ಶನ. ಜರ್ಮನಿಯ ಯಂತ್ರವೆಂದರೆ ಲೋಪವಿಲ್ಲದ್ದೆಂದು ಜಗತ್ತು ನಂಬಿತ್ತು. ಆ ಸಂಸ್ಥೆಯವರು ತಮ್ಮ ಡೀಸೆಲ್ ಬಂಡಿಗಳಲ್ಲಿ, ಆಡಿ ಎಂಬ ಪ್ರತಿಷ್ಠಿತ ಹೆಸರಿನವುಗಳಲ್ಲಿಯೂ, ಒಂದು ಗುಪ್ತ ಉಪಾಯವನ್ನು ಅಳವಡಿಸಿದರು. ಪರೀಕ್ಷಾಶಾಲೆಯಲ್ಲಿ ಹೊಗೆಯು ಮಿತಿಯೊಳಗೆ, ರಸ್ತೆಯಲ್ಲಿ ಮಿತಿ ಮೀರಿ! ಅಮೆರಿಕದ ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು, ಅವರಲ್ಲಿ ಭಾರತದಿಂದ ಹೋದ ತರುಣರೂ ಇದ್ದರು, ಬಂಡಿಗಳನ್ನು ರಸ್ತೆಯಲ್ಲಿಯೇ ಓಡಿಸಿ ಅಳೆದಾಗ, ಒಂದು ಬಂಡಿಯ ವಿಷವಾಯು ವಿಧಿಸಿದ ಮಿತಿಯ ೧೫ರಿಂದ ೩೫ ಪಟ್ಟು ಇದ್ದಿತು. ಅದೇ ಪರೀಕ್ಷೆಯಲ್ಲಿ ಬಿ.ಎಂ.ಡಬ್ಲ್ಯೂ. ಬಂಡಿಯೊಂದು ಬಹುಮಟ್ಟಿಗೆ ಮಿತಿಯೊಳಗೇ ನಿಂತಿತು. ಆದುದರಿಂದ ದೊಡ್ಡ ಹೆಸರೆಲ್ಲ ಪೊಳ್ಳೆನ್ನುವುದೂ ಅನ್ಯಾಯವೇ. ೨೦೧೫ರ ಸೆಪ್ಟೆಂಬರಿನಲ್ಲಿ ವಂಚನೆ ಬಯಲಾಯಿತು. ಜಗತ್ತಿನಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಬಂಡಿಗಳು ಅದಕ್ಕೆ ಸಿಕ್ಕಿದ್ದವು. ಭಾರತದಲ್ಲಿಯೂ ಮೂರು ಲಕ್ಷಕ್ಕೆ ಮಿಕ್ಕವನ್ನು ಹಿಂದಕ್ಕೆ ಕರೆಸಬೇಕಾಯಿತು. ಕೊಂಡ ಲಕ್ಷಾಂತರ ಜನರಿಗೆ ತಿಳಿಯದ್ದನ್ನು, ಮಾರಾಟದ ಲಾಭವಾಗಲಿ ಕೊಂಡ ಹೆಮ್ಮೆಯಾಗಲಿ ಇಲ್ಲದ ನಾಲ್ಕಾರು ಜನ ತಿಳಿಸಿಕೊಟ್ಟರು. ವಾತ್ಸ್ಯಾಯನನ ಆಪ್ತರು ಇಂತಹವರೇ.

ಇದಕ್ಕೆ ಎದುರಾಗಿ ನಿಲ್ಲುವುದು ಜಪಾನಿನ ಟೊಯೊಟ ಕಂಪನಿಯ ಲೆಕ್ಸಸ್. ೧೯೮೯ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಅದಕ್ಕೆ ಇನ್ನೂ ಹೆಸರೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ಒಂದೆರಡು ದೂರು ಬಂದವು. ಒಡನೆಯೇ ಸುಮಾರು ೮,೦೦೦ ಬಂಡಿಗಳನ್ನೂ ಕರೆಸಿ, ಎಷ್ಟೋ ಕಡೆ ಕೊಂಡವರ ಮನೆಬಾಗಿಲಿಂದಲೇ ಒಯ್ದು, ಸರಿಪಡಿಸಿ, ತೊಳೆದು ಹಿಂದಿರುಗಿಸಿದರು. ದೋಷವನ್ನು ತಾನಾಗಿ ಒಪ್ಪಿದುದರಿಂದಲೇ ಹೆಸರು ಹುಟ್ಟಿತು. ಅದೇ ಟೊಯೊಟ, ತಡೆಯಿಲ್ಲದೆ ವೇಗವೇರುವ ದೋಷದ ವಿಷಯದಲ್ಲಿ ಜನರನ್ನು ತಪ್ಪು ದಾರಿಗೆ ಎಳೆಯಿತೆಂಬ ಆರೋಪಕ್ಕೆ ೨೦೧೪ರಲ್ಲಿ ಅಮೆರಿಕದ ಸರಕಾರಕ್ಕೆ ೧೨೦ ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ೧೯೮೯ರ ಪುಣ್ಯ ೨೦೧೪ಕ್ಕೆ ಸಾಲಲಿಲ್ಲ.

ಹೀಗಿರಲಾಗಿ ಅರೇಹಳ್ಳಿಯ ಗೃಹಸ್ಥನು ಬಂಡಿಯ ಮುಂದಣ ಲಾಂಛನವನ್ನು ನೋಡಿದ ಮೇಲೆ, ಅದೇ ಬಂಡಿಯನ್ನು ಐದಾರು ವರ್ಷ ಓಡಿಸಿ ಮಾರಿಬಿಟ್ಟವನ ಮನೆಗೂ ಒಮ್ಮೆ ಹೋಗಿಬರಬೇಕು. ಮಾರಿದವನಿಗೆ ಕಾಯಬೇಕಾದ ಹೆಮ್ಮೆ ಅಷ್ಟಾಗಿ ಉಳಿದಿರದು. ಕೆಟ್ಟಾಗ ಬಿಡಿಭಾಗ ಹಾಸನದಲ್ಲಿಯೇ ಸಿಕ್ಕಿತೆ, ಬೆಂಗಳೂರಿನಿಂದ ತರಿಸಬೇಕಾಯಿತೆ, ಬಂದವರು ತಪ್ಪು ತಮ್ಮದೆಂದರೆ ಅಥವಾ ರಸ್ತೆಯದೆಂದರೆ, ಎಷ್ಟು ದಿನ ಬಂಡಿ ನಿಂತಿತ್ತು ಎಂಬುದನ್ನೆಲ್ಲ ಅವನು ಕಾಫಿ ಕುಡಿಸಿ ಹೇಳುವನು. ಜೊತೆಯಲ್ಲಿ ಅವನ ಡ್ರೈವರನೂ ಇದ್ದರೆ ಇನ್ನೂ ಒಳ್ಳೆಯದು.